ಐಸೊಟ್ರೆಟಿನೊಯಿನ್ ನುಂಗುವ ತಿಂಗಳುಗಳಲ್ಲಿ ಮುಖ, ತುಟಿ, ಮೈ: ಏನು ಹಚ್ಚಬೇಕು, ಏನು ಬಿಡಬೇಕು

ಗಂಟುಗಂಟಾಗಿ ಎದ್ದು, ಒಡೆದು, ಗುಳಿ ಬಿಟ್ಟುಹೋಗುವ ಮೊಡವೆಗೆ ಬೇರೆ ಯಾವ ಮದ್ದೂ ನಾಟದಿದ್ದಾಗ ಚರ್ಮತಜ್ಞರು ಬರೆದುಕೊಡುವ ಕ್ಯಾಪ್ಸೂಲ್ ಐಸೊಟ್ರೆಟಿನೊಯಿನ್. ವಿಟಮಿನ್ ಎ ಕುಟುಂಬಕ್ಕೆ ಸೇರಿದ ಈ ಔಷಧಿ 1982ರಿಂದ ಬಳಕೆಯಲ್ಲಿದೆ. ಇದು ಚರ್ಮದ ಎಣ್ಣೆಗ್ರಂಥಿಗಳನ್ನೇ ಕುಗ್ಗಿಸುತ್ತದೆ. ಮೊಡವೆ ಬತ್ತುವುದು ಅದರಿಂದಲೇ, ತುಟಿ ಒಡೆಯುವುದೂ ಅದರಿಂದಲೇ. ಜಿಡ್ಡು ನಿಂತುಹೋಗುತ್ತದೆ, ಚರ್ಮದ ಮೇಲ್ಪದರ ತೆಳುವಾಗುತ್ತದೆ, ಒಳಗಿನ ನೀರು ಬೇಗ ಆವಿಯಾಗಿ ಹೋಗುತ್ತದೆ. ನಿನ್ನೆಯವರೆಗೆ ಹಿತವಾಗಿದ್ದ ಫೇಸ್‌ವಾಶ್ ಇವತ್ತು ಉರಿಯುವುದಕ್ಕೆ ಕಾರಣ ಇಷ್ಟೇ.

ಹಾಗಾಗಿ ಈ ತಿಂಗಳುಗಳಲ್ಲಿ ಮೊಡವೆಯನ್ನು ಒಣಗಿಸುವ ಕೆಲಸವನ್ನು ಪೂರ್ತಿಯಾಗಿ ಕ್ಯಾಪ್ಸೂಲಿಗೇ ಬಿಟ್ಟುಬಿಡಿ. ಮುಖಕ್ಕೆ ಹಚ್ಚುವುದೆಲ್ಲ ಚರ್ಮವನ್ನು ಕಾಯುವುದಕ್ಕೆ ಮಾತ್ರ. ಬೇಕಾದದ್ದು ನಾಲ್ಕೇ ವಸ್ತು: ಸೌಮ್ಯವಾದ ಕ್ಲೆನ್ಸರ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಪೆಟ್ರೋಲಿಯಂ ಜೆಲ್ಲಿ. ಐದನೆಯದನ್ನು ಯಾರಾದರೂ ಮಾರಲು ಬಂದರೆ ಅದು ನಿಮಗೆ ಬೇಡ.

ಮೊದಲು ಕ್ಯಾಪ್ಸೂಲಿನ ವಿಚಾರ

ಈ ಔಷಧಿಯ ಎಲ್ಲಕ್ಕಿಂತ ದೊಡ್ಡ ಅಪಾಯ ಚರ್ಮಕ್ಕಲ್ಲ, ಹೊಟ್ಟೆಯಲ್ಲಿರುವ ಮಗುವಿಗೆ. ಗರ್ಭಿಣಿಯರು ಇದನ್ನು ತೆಗೆದುಕೊಂಡರೆ ಮಗುವಿಗೆ ತೀವ್ರವಾದ ಅಂಗವೈಕಲ್ಯ ಆಗಬಹುದು. ಆದ್ದರಿಂದ ಶುರುಮಾಡುವ ಒಂದು ತಿಂಗಳು ಮೊದಲಿನಿಂದ ಹಿಡಿದು ನಿಲ್ಲಿಸಿದ ಒಂದು ತಿಂಗಳ ನಂತರದವರೆಗೆ ಗರ್ಭ ನಿಲ್ಲದಂತೆ ಖಚಿತವಾದ ಏರ್ಪಾಡು ಇರಲೇಬೇಕು. ಮದುವೆಯಾಗಿಲ್ಲ ಎಂಬ ಕಾರಣಕ್ಕೆ ವೈದ್ಯರು ಈ ಪ್ರಶ್ನೆ ಕೇಳದೆ ಬಿಟ್ಟರೆ ನೀವೇ ಎತ್ತಿ ಮಾತಾಡಿ. ಕೋರ್ಸ್ ನಡೆಯುವಾಗಲೂ ಮುಗಿದ ಒಂದು ತಿಂಗಳವರೆಗೂ ಗಂಡಸರು, ಹೆಂಗಸರು ಯಾರೂ ರಕ್ತದಾನ ಮಾಡುವಂತಿಲ್ಲ. ಆ ರಕ್ತ ಯಾವ ಗರ್ಭಿಣಿಗೆ ಹೋಗುತ್ತದೋ ಗೊತ್ತಿರುವುದಿಲ್ಲ. ಉಳಿದ ಕ್ಯಾಪ್ಸೂಲನ್ನು ಅಕ್ಕನಿಗೋ ರೂಮ್‌ಮೇಟಿಗೋ ಕೊಡಬಾರದು ಎನ್ನುವುದೂ ಇದಕ್ಕೇ.

ಸಾಮಾನ್ಯವಾಗಿ ಪ್ರಮಾಣವನ್ನು ದೇಹತೂಕದ ಮೇಲೆ ಲೆಕ್ಕ ಹಾಕುತ್ತಾರೆ: ಕಿಲೋಗೆ ದಿನಕ್ಕೆ 0.5ರಿಂದ 1 ಮಿಲಿಗ್ರಾಂ, ಇಡೀ ಕೋರ್ಸಿಗೆ ಕಿಲೋಗೆ ಒಟ್ಟು 120ರಿಂದ 150 ಮಿಲಿಗ್ರಾಂ. 60 ಕಿಲೋ ತೂಕದವರಿಗೆ ಒಟ್ಟು 7,200 ಮಿಲಿಗ್ರಾಂ ಎಂದುಕೊಂಡರೆ, ದಿನಕ್ಕೆ 40 ಮಿಲಿಗ್ರಾಂನಲ್ಲಿ 180 ದಿನ, 20 ಮಿಲಿಗ್ರಾಂನಲ್ಲಿ 360 ದಿನ. ನಮ್ಮಲ್ಲಿ ಅನೇಕ ವೈದ್ಯರು 10 ಅಥವಾ 20 ಮಿಲಿಗ್ರಾಂನ ಕಡಿಮೆ ಡೋಸನ್ನೇ ಇಷ್ಟಪಡುತ್ತಾರೆ. ಡೋಸ್ ಏರಿದಷ್ಟೂ ಒಣಗುವಿಕೆ ಏರುತ್ತದೆ. ಕೆಳಗೆ ಹೇಳಿದ್ದನ್ನೆಲ್ಲ ಸರಿಯಾಗಿ ಮಾಡಿದ ಮೇಲೂ ತಡೆಯಲಾಗದಿದ್ದರೆ ಇನ್ನೊಂದು ಕ್ರೀಮು ಕೊಳ್ಳುವ ಬದಲು ಡೋಸ್ ಇಳಿಸಬಹುದೇ ಎಂದು ವೈದ್ಯರನ್ನು ಕೇಳಿ. ನೀವೇ ಇಳಿಸಬೇಡಿ, ಏರಿಸಲೂ ಬೇಡಿ.

ಕ್ಯಾಪ್ಸೂಲನ್ನು ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಅರ್ಧದಷ್ಟೂ ಮೈಗೆ ಹತ್ತುವುದಿಲ್ಲ. ಕೊಬ್ಬಿರುವ ಊಟ ಬೇಕು. ಅನ್ನಕ್ಕೆ ತುಪ್ಪ, ಒಗ್ಗರಣೆಯ ಪಲ್ಯ, ಮೊಟ್ಟೆ, ಒಂದು ಲೋಟ ಗಟ್ಟಿ ಹಾಲು, ಇವು ಸಾಕು. ರಾತ್ರಿ ಬರೀ ಹಣ್ಣು ತಿನ್ನುವವರು ಮಧ್ಯಾಹ್ನದ ಊಟದ ಜೊತೆ ತೆಗೆದುಕೊಳ್ಳಲಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ವಿಟಮಿನ್ ಎ ಇರುವ ಮಾತ್ರೆ, ಕಾಡ್ ಲಿವರ್ ಎಣ್ಣೆಯ ಕ್ಯಾಪ್ಸೂಲ್ ಬೇಡ. ಕ್ಯಾರೆಟ್, ಪಪ್ಪಾಯಿ, ಸೊಪ್ಪು ಎಂದಿನಂತೆ ತಿನ್ನಬಹುದು. ಕೆಮ್ಮು, ಜ್ವರಕ್ಕೆಂದು ಬೇರೆ ವೈದ್ಯರ ಬಳಿ ಹೋದಾಗ ಈ ಔಷಧಿಯ ಹೆಸರು ಹೇಳಿ. ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಇದರ ಜೊತೆ ಸೇರಿದರೆ ತಲೆಬುರುಡೆಯೊಳಗೆ ಒತ್ತಡ ಏರುವ ಅಪಾಯವಿದೆ.

ಶುರುಮಾಡುವ ಮೊದಲು ಕಪಾಟು ಖಾಲಿ ಮಾಡಿ

ಅಡಾಪಲಿನ್, ಟ್ರೆಟಿನೊಯಿನ್, ರೆಟಿನಾಲ್, ಬೆಂಜೊಯಿಲ್ ಪೆರಾಕ್ಸೈಡ್, ಸ್ಯಾಲಿಸಿಲಿಕ್ ಆಸಿಡ್, ಗ್ಲೈಕಾಲಿಕ್ ಆಸಿಡ್, ವಿಟಮಿನ್ ಸಿ ಸೀರಮ್, ಟೋನರ್, ಚಾರ್ಕೋಲ್ ಮಾಸ್ಕ್, ಹರಳುಹರಳಾದ ಸ್ಕ್ರಬ್: ಎಲ್ಲವನ್ನೂ ಎತ್ತಿಡಿ. ಇವುಗಳಲ್ಲಿ ಯಾವುದನ್ನಾದರೂ ಮುಂದುವರಿಸಿ ಎಂದು ವೈದ್ಯರೇ ಹೇಳಿದ್ದರೆ ಅದೊಂದನ್ನು ಉಳಿಸಿಕೊಳ್ಳಿ.

ಅಡುಗೆಮನೆಯ ಪಟ್ಟಿ ಬೇರೆ ಇದೆ, ಅದು ಹೆಚ್ಚು ಕಷ್ಟದ್ದು. ಕಡಲೆಹಿಟ್ಟು ಉಳಿದ ಜಿಡ್ಡನ್ನೂ ಹೀರಿ ಉಜ್ಜುತ್ತದೆ. ನಿಂಬೆರಸ ಆಮ್ಲ, ತೆಳುವಾದ ಚರ್ಮವನ್ನು ಸುಡುತ್ತದೆ. ಮುಲ್ತಾನಿ ಮಿಟ್ಟಿ ಒಣಗುತ್ತಾ ಬಿಗಿದು, ತೆಗೆಯುವಾಗ ಸಿಪ್ಪೆ ಎಳೆದುಕೊಂಡೇ ಬರುತ್ತದೆ. ಟೂತ್‌ಪೇಸ್ಟನ್ನಂತೂ ಮೊಡವೆಗೆ ಯಾವ ಕಾಲದಲ್ಲೂ ಹಚ್ಚಬಾರದಿತ್ತು. "ಮನೆಮದ್ದು ತಾನೇ, ಏನೂ ಆಗಲ್ಲ" ಎನ್ನುವ ಮಾತು ಈ ಆರು ತಿಂಗಳಿಗೆ ಸಲ್ಲುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುವ, ಬೆಳ್ಳಗಾಗಲೆಂದು ಹಚ್ಚುವ ಮಿಶ್ರಣದ ಕ್ರೀಮು. ಟ್ಯೂಬಿನ ಮೇಲೆ ಬೆಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂದಿದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಮುಖಕ್ಕೆ ದಿನಾ ಹಚ್ಚಿದರೆ ಚರ್ಮ ತೆಳುವಾಗಿ ಹೊಸ ಮೊಡವೆಗಳೇ ಏಳುತ್ತವೆ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದೀರಾದರೆ ಸುಮ್ಮನೆ ನಿಲ್ಲಿಸದೆ ವೈದ್ಯರಿಗೆ ಹೇಳಿ. ಥಟ್ಟನೆ ಬಿಟ್ಟಾಗ ಮುಖ ಕೆಂಪಾಗಿ ಉರಿ ಹತ್ತುವುದುಂಟು, ಅದನ್ನು ಐಸೊಟ್ರೆಟಿನೊಯಿನ್ ಮೇಲೆ ಹೊರಿಸಿ ಕೋರ್ಸನ್ನೇ ಕೈಬಿಡುವವರಿದ್ದಾರೆ.

ಮುಖ ತೊಳೆಯುವುದು

ಸಾಮಾನ್ಯ ಸೋಪಿನ ಪಿಹೆಚ್ 9-10ರ ಆಸುಪಾಸು, ಚರ್ಮದ್ದು 5ರ ಹತ್ತಿರ. ಬೋರ್‌ವೆಲ್‌ನ ಗಡಸು ನೀರಿಗೆ ಸೋಪು ಸೇರಿದರೆ ಬಕೆಟ್ಟಿನ ಅಂಚಿಗೆ ಕೂರುವಂಥ ಬಿಳಿ ಕಿಟ್ಟ ಮುಖದ ಮೇಲೂ ಉಳಿದು ಕೆರೆತ ತರುತ್ತದೆ. ಸೋಪಲ್ಲದ, ನೊರೆ ಕಡಿಮೆ ಬರುವ, 5.5 ಪಿಹೆಚ್ ಎಂದು ಬರೆದಿರುವ ಕ್ಲೆನ್ಸರಿನಲ್ಲಿ ಈ ಕಿಟ್ಟ ಕಟ್ಟುವುದಿಲ್ಲ. ಲೇಬಲ್ಲಿನಲ್ಲಿ ‘ಫ್ರಾಗ್ರೆನ್ಸ್’ ಅಥವಾ ‘ಪರ್ಫ್ಯೂಮ್’ ಇಲ್ಲದ್ದನ್ನು ಆರಿಸಿ. ‘ಆಯಿಲ್ ಕಂಟ್ರೋಲ್’, ‘ಆಕ್ನೆ’ ಎಂದು ದೊಡ್ಡಕ್ಷರದಲ್ಲಿರುವುದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಕಂಟ್ರೋಲ್ ಮಾಡಲು ಎಣ್ಣೆಯೇ ಉಳಿದಿಲ್ಲ.

ಬೆಳಿಗ್ಗೆ ಬರೀ ನೀರು ಸಾಕು. ಸಂಜೆ ಮನೆಗೆ ಬಂದ ಮೇಲೆ ಹೀಗೆ ಮಾಡಿ:

1. ಮೊದಲು ಕೈ ತೊಳೆಯಿರಿ. ನೀರು ತಣ್ಣಗಿರಲಿ ಅಥವಾ ಉಗುರುಬೆಚ್ಚಗಿರಲಿ. ಗೀಸರಿನ ಬಿಸಿನೀರನ್ನು ನೇರ ಮುಖಕ್ಕೆ ಹಾಕಬೇಡಿ.
2. ಒದ್ದೆ ಮುಖಕ್ಕೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡ ಗಾತ್ರದ ಕ್ಲೆನ್ಸರ್. ನೊರೆ ಬರಲಿಲ್ಲವೆಂದು ಇನ್ನಷ್ಟು ಹಾಕಬೇಡಿ, ಬರದಿರುವುದೇ ಅದರ ಗುಣ.
3. ಬೆರಳ ತುದಿಯಿಂದ 20-30 ಸೆಕೆಂಡು ಹಗುರವಾಗಿ ತಿರುಗಿಸಿ. ಲೂಫಾ, ಬ್ರಷ್, ಒರಟು ಬಟ್ಟೆ ಬೇಡ.
4. ಮೂಗಿನ ಪಕ್ಕ, ದವಡೆ, ಕೂದಲಂಚು ಬಿಟ್ಟುಹೋಗದಂತೆ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ಪೂರ್ತಿ ಒಣಗಿಸಬೇಡಿ.

ಬೈಕಿನಲ್ಲಿ ಓಡಾಡುವವರಿಗೆ ಧೂಳು ಹೆಚ್ಚು, ಸಂಜೆ ಸಿಕ್ಕಾಪಟ್ಟೆ ತೊಳೆಯಬೇಕೆನಿಸುತ್ತದೆ. ಒಮ್ಮೆ ಸಾಕು. ಹೆಲ್ಮೆಟ್ಟಿನ ಒಳಬಟ್ಟೆಯನ್ನು ವಾರಕ್ಕೊಮ್ಮೆ ಒಗೆದರೆ ಅದರಿಂದ ಆಗುವ ಉಪಕಾರ ಜಾಸ್ತಿ.

ಮಾಯಿಶ್ಚರೈಸರ್: ಎಷ್ಟು, ಯಾವಾಗ

ತೊಳೆದ ಮೂರು ನಿಮಿಷದೊಳಗೆ, ಮುಖ ಇನ್ನೂ ತೇವವಾಗಿರುವಾಗಲೇ ಹಚ್ಚಬೇಕು. ಕ್ರೀಮು ಹೊಸದಾಗಿ ನೀರು ತುಂಬುವುದಕ್ಕಿಂತ ಇರುವ ನೀರನ್ನು ಹಿಡಿದಿಡುವುದೇ ಹೆಚ್ಚು. ಗ್ಲಿಸರಿನ್, ಸೆರಮೈಡ್, ಪೆಟ್ರೋಲೇಟಮ್, ಡೈಮೆಥಿಕೋನ್ ಎಂಬ ಹೆಸರುಗಳು ಪಟ್ಟಿಯಲ್ಲಿದ್ದರೆ ಒಳ್ಳೆಯದು, ಬೆಲೆ ಹೆಚ್ಚಿರಬೇಕೆಂದೇನಿಲ್ಲ. ಯೂರಿಯಾ, ಲ್ಯಾಕ್ಟಿಕ್ ಆಸಿಡ್ ಇರುವವು ಹಿಮ್ಮಡಿಗೆ ಸರಿ, ಈಗಿನ ಮುಖಕ್ಕೆ ಉರಿ.

ಅಳತೆ ಹೀಗೆ: ತೋರುಬೆರಳಿನ ತುದಿಯ ಗೆರೆಯಿಂದ ಬೆರಳ ಕೊನೆಯವರೆಗೆ ಟ್ಯೂಬಿನಿಂದ ಎಳೆದ ಕ್ರೀಮು ಸುಮಾರು ಅರ್ಧ ಗ್ರಾಂ. ಮುಖ, ಕತ್ತಿಗೆ ಅಂಥ ಎರಡೂವರೆ ಎಳೆ ಬೇಕು, ಅಂದರೆ 1.25 ಗ್ರಾಂ. ದಿನಕ್ಕೆರಡು ಸಲ ಹಚ್ಚಿದರೆ ತಿಂಗಳಿಗೆ 75 ಗ್ರಾಂ. 100 ಗ್ರಾಂ ಟ್ಯೂಬು ನಿಮಗೆ ನಾಲ್ಕು ತಿಂಗಳು ಬರುತ್ತಿದ್ದರೆ ಕ್ರೀಮು ಕೆಲಸ ಮಾಡುತ್ತಿಲ್ಲ ಎಂದು ದೂರುವ ಹಾಗಿಲ್ಲ, ನೀವು ಹಚ್ಚುತ್ತಲೇ ಇಲ್ಲ. ಹಣೆ, ಎರಡು ಕೆನ್ನೆ, ಮೂಗು, ಗದ್ದಕ್ಕೆ ಚುಕ್ಕೆ ಇಟ್ಟು ಹರಡಿ. ಒಂದೇ ಕಡೆ ಹಾಕಿ ಎಳೆದಾಡಬೇಡಿ.

ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ಬೆವರೇ ತೇವ ಎಂದುಕೊಂಡು ಕ್ರೀಮು ಬಿಡುವುದು ಸಾಮಾನ್ಯ. ಬೆವರಿನ ಉಪ್ಪು ಒಡೆದ ಚರ್ಮಕ್ಕೆ ತಾಗಿದರೆ ಉರಿ ಇನ್ನೂ ಹೆಚ್ಚು. ಅಲ್ಲಿ ಹಗಲಿಗೆ ತೆಳು ಲೋಷನ್, ರಾತ್ರಿಗೆ ಕ್ರೀಮು ಇಟ್ಟುಕೊಳ್ಳಿ. ಬೆಂಗಳೂರು, ಹುಬ್ಬಳ್ಳಿಯ ಡಿಸೆಂಬರ್-ಜನವರಿ ಒಣಗಾಳಿಗೆ, ದಿನವಿಡೀ ಎಸಿ ಆಫೀಸಿಗೆ ಗಟ್ಟಿ ಕ್ರೀಮೇ ಬೇಕು, ಮಧ್ಯಾಹ್ನ ಇನ್ನೊಂದು ಸಲವೂ ಬೇಕಾದೀತು. ಚಳಿದೇಶಗಳಲ್ಲಿ ಹೀಟರ್ ಹಾಕಿಕೊಂಡು ಮಲಗುವವರಿಗೆ ಮಲಗುವ ಮುಂಚೆ ಕೆನ್ನೆ, ಕಣ್ಣಂಚು, ಮೂಗಿನ ಪಕ್ಕ ಜೆಲ್ಲಿಯ ತೆಳುಲೇಪ.

ಹೊಸ ಉತ್ಪನ್ನ ಏನೇ ಇರಲಿ, ಕಿವಿಯ ಹಿಂದೆ ಅಥವಾ ಮುಂಗೈ ಒಳಭಾಗದಲ್ಲಿ ಮೂರು ದಿನ ಹಚ್ಚಿ ನೋಡಿ. ಒಟ್ಟಿಗೆ ಎರಡು ಹೊಸದನ್ನು ಶುರುಮಾಡಿದರೆ ಉರಿ ಬಂದಾಗ ಯಾವುದರಿಂದ ಎಂದು ತಿಳಿಯುವುದಿಲ್ಲ.

ಸನ್‌ಸ್ಕ್ರೀನ್

ಔಷಧಿಯಿಂದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ನಮ್ಮ ಕಂದು ಮೈಬಣ್ಣಕ್ಕೆ ಇನ್ನೊಂದು ತಾಪತ್ರಯ: ಮೊಡವೆ ಹೋದ ಜಾಗದ ಕಪ್ಪು ಕಲೆ ಬಿಸಿಲಿನಲ್ಲಿ ಗಾಢವಾಗಿ ನಿಂತುಬಿಡುತ್ತದೆ. ಎಸ್‌ಪಿಎಫ್ 30 ಅಥವಾ ಹೆಚ್ಚು, ಪಿಎ (ಯುವಿಎ ಕಿರಣ ತಡೆಯುವ ಅಳತೆ) ಮೂರು ಪ್ಲಸ್ ಇರಲಿ. ಕೆಲವು ರಾಸಾಯನಿಕ ಫಿಲ್ಟರುಗಳು ಈಗ ಕಣ್ಣಿನ ಸುತ್ತ ಚುರುಗುಟ್ಟಬಹುದು. ಜಿಂಕ್ ಆಕ್ಸೈಡ್ ಇರುವುದು ತಡೆದುಕೊಳ್ಳಲು ಸುಲಭ, ಆದರೆ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ. ಅದಕ್ಕೆ ಬಣ್ಣ ಬೆರೆಸಿದ, ಅಂದರೆ ಐರನ್ ಆಕ್ಸೈಡ್ ಇರುವ ಟಿಂಟೆಡ್ ಸನ್‌ಸ್ಕ್ರೀನ್ ನೋಡಿ. ಕಣ್ಣಿಗೆ ಕಾಣುವ ಬೆಳಕೂ ಕಲೆಯನ್ನು ಗಾಢಗೊಳಿಸುತ್ತದೆ, ಐರನ್ ಆಕ್ಸೈಡ್ ಅದನ್ನೂ ಒಂದಷ್ಟು ತಡೆಯುತ್ತದೆ.

ಮಾಯಿಶ್ಚರೈಸರ್ ಹಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ತೋರುಬೆರಳು, ನಡುಬೆರಳಿನ ಪೂರ್ತಿ ಉದ್ದಕ್ಕೆ ಎರಡು ಗೆರೆ ಹಾಕಿ ಮುಖ, ಕಿವಿ, ಕತ್ತಿಗೆ ಹಚ್ಚಿ, 15-20 ನಿಮಿಷ ಬಿಟ್ಟು ಹೊರಡಿ. ಮಾಯಿಶ್ಚರೈಸರ್ ಮೇಲೆ ತಕ್ಷಣ ಸನ್‌ಸ್ಕ್ರೀನ್ ಹಚ್ಚಿದರೆ ಉಂಡೆಉಂಡೆಯಾಗಿ ಉದುರುತ್ತದೆ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಲಬುರಗಿ, ರಾಯಚೂರು, ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಕ್ರೀಮೊಂದನ್ನೇ ನಂಬಿಕೊಳ್ಳಬೇಡಿ: ಕೊಡೆ, ಅಗಲ ಅಂಚಿನ ಟೋಪಿ, ತುಂಬು ತೋಳು.

ತುಟಿ, ಮೂಗು, ಕಣ್ಣು

ತುಟಿ ಒಡೆಯುವುದು ಈ ಔಷಧಿ ತೆಗೆದುಕೊಳ್ಳುವ ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ಕಾಯದೆ ಮೊದಲ ದಿನದಿಂದಲೇ ಜೆಲ್ಲಿ ಹಚ್ಚಿ. ಊಟದ ಮೊದಲು, ಊಟದ ನಂತರ, ಹಲ್ಲುಜ್ಜಿದ ಮೇಲೆ, ಮಲಗುವಾಗ ದಪ್ಪಗೆ: ದಿನಕ್ಕೆ ಎಂಟು-ಹತ್ತು ಸಲವಾದರೂ ಹೆಚ್ಚಲ್ಲ. ಊಟದ ಮೊದಲು ಯಾಕೆಂದರೆ ಸಾರಿನ ಹುಳಿ, ಉಪ್ಪಿನಕಾಯಿಯ ಖಾರ ಸೀಳಿಗೆ ತಾಗದಿರಲಿ ಎಂದು. ಮೆಂಥಾಲ್, ಕರ್ಪೂರ, ಪುದೀನ, ದಾಲ್ಚಿನ್ನಿ ಇರುವ ಲಿಪ್‌ಬಾಮ್ ತಣ್ಣಗೆನಿಸುತ್ತಾ ಇನ್ನಷ್ಟು ಕೆರಳಿಸುತ್ತದೆ. ಬಣ್ಣ ಬೇಕಿದ್ದರೆ ಜೆಲ್ಲಿಯ ಮೇಲೆ ಲಿಪ್‌ಸ್ಟಿಕ್, ಮ್ಯಾಟ್ ಬೇಡ.

ನಾಲಿಗೆಯಿಂದ ನೆಕ್ಕುವುದು, ಸಿಪ್ಪೆ ಕೀಳುವುದು, ಇವೆರಡೇ ತುಟಿಯನ್ನು ಹಾಳುಮಾಡುವುದು. ಸಿಪ್ಪೆ ಎದ್ದಿದ್ದರೆ ಜೆಲ್ಲಿ ಹಚ್ಚಿ ಹತ್ತು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಿಂದ ಒತ್ತಿ. ಬರುವಷ್ಟು ತಾನೇ ಬರುತ್ತದೆ. ತುಟಿಮೂಲೆ ಸೀಳಿ, ಹಳದಿ ಹಕ್ಕಳೆ ಕಟ್ಟಿದರೆ ಸೋಂಕು ಸೇರಿರಬಹುದು, ಅದಕ್ಕೆ ವೈದ್ಯರ ಮುಲಾಮು ಬೇಕು.

ಮೂಗಿನೊಳಗೆ ಒಣಗಿ ರಕ್ತ ಬರುವುದು ಸಾಮಾನ್ಯ. ದಿನಕ್ಕೆ ಎರಡು-ಮೂರು ಸಲ ಸಲೈನ್ ಹನಿ ಹಾಕಿ, ಹೊಳ್ಳೆಯ ಬಾಯಿಗೆ ಮಾತ್ರ ತೆಳುವಾಗಿ ಜೆಲ್ಲಿ ಸವರಿ. ಬೆರಳು ಹಾಕಿ ಹಕ್ಕಳೆ ಕೀಳಬೇಡಿ. ಈ ಔಷಧಿಯ ಕಾಲದಲ್ಲಿ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಮೂಗಿನಲ್ಲಿ ನೆಲೆಯೂರುವುದು ಹೆಚ್ಚು. ಅದೇ ಬೆರಳು ಮುಖ ಮುಟ್ಟಿದರೆ ಕೀವುಗುಳ್ಳೆ ಏಳುತ್ತದೆ. ಕಾಲ್ಬೆರಳ ಉಗುರುಸುತ್ತು ಏಳುವುದೂ ಈಗ ಜಾಸ್ತಿ, ಉಗುರನ್ನು ಮೂಲೆಯೊಳಗೆ ಕೊರೆದು ಕತ್ತರಿಸಬೇಡಿ.

ಕಣ್ಣು ಮರಳು ಬಿದ್ದ ಹಾಗಿದ್ದರೆ ಪ್ರಿಸರ್ವೇಟಿವ್ ಇಲ್ಲದ ಕೃತಕ ಕಣ್ಣೀರಿನ ಹನಿ ಕೇಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಕೆಲವು ತಿಂಗಳು ಕನ್ನಡಕವೇ ಹಿತ. ಮುಸ್ಸಂಜೆ ಕತ್ತಲಲ್ಲಿ ದೃಷ್ಟಿ ಮಂದವಾದಂತೆ ಅನಿಸಿದರೆ ರಾತ್ರಿ ಗಾಡಿ ಓಡಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತಿಳಿಸಿ.

ಮೈ, ಸ್ನಾನ, ಶೇವಿಂಗ್

ಸ್ನಾನ ಹತ್ತು ನಿಮಿಷದೊಳಗೆ, ಉಗುರುಬೆಚ್ಚಗಿನ ನೀರು, ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ. ಮೈ ಹಸಿಯಾಗಿರುವಾಗಲೇ ಕೈಕಾಲಿಗೆ ಲೋಷನ್ ಅಥವಾ ಕೊಬ್ಬರಿ ಎಣ್ಣೆ. ಮೊಡವೆ ಏಳುವ ಮುಖ, ಎದೆ, ಬೆನ್ನಿಗೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಮುಚ್ಚುತ್ತದೆ. ಕೈಯ ಹಿಂಭಾಗದಲ್ಲಿ, ಮುಂಗೈಯಲ್ಲಿ ಗುಂಡಾದ ಕೆಂಪು ತುರಿಕೆ ಚಕ್ಕೆಗಳು ಎದ್ದರೆ ಅದನ್ನು ಹುಳುಕಡ್ಡಿ ಎಂದುಕೊಂಡು ಅದರ ಕ್ರೀಮು ತಂದು ಹಚ್ಚುತ್ತಾರೆ. ಬಹಳ ಸಲ ಅದು ಒಣಗುವಿಕೆಯಿಂದಾದ ಎಕ್ಸಿಮಾ. ವೈದ್ಯರಿಗೆ ತೋರಿಸಿ.

ದೀಪಾವಳಿಯ ಎಣ್ಣೆಸ್ನಾನ ತಪ್ಪಿಸಬೇಕಿಲ್ಲ. ಎಣ್ಣೆ ತಲೆಗೂ ಕೈಕಾಲಿಗೂ ಇರಲಿ. ಆಮೇಲೆ ಸೀಗೆಪುಡಿ, ಕಡಲೆಹಿಟ್ಟು ಹಾಕಿ ತಿಕ್ಕುವುದಿದೆಯಲ್ಲ, ಅದನ್ನು ಬಿಟ್ಟು ಮೆದು ಶಾಂಪೂವಿನಲ್ಲಿ ಮುಗಿಸಿ. ಹೋಳಿ ಬಣ್ಣದಿಂದ ಈ ವರ್ಷ ದೂರವಿರಿ. ಮನೆಯಲ್ಲಿ ಮದುವೆಯಿದ್ದು ಅರಿಶಿನ ಶಾಸ್ತ್ರ ನಿಮಗೇ ಆಗಬೇಕಿದ್ದರೆ ಕೈ, ಪಾದಕ್ಕೆ ಹಚ್ಚಿಸಿಕೊಂಡು ಕೆನ್ನೆಗೆ ಬೊಟ್ಟು ಇಡಿಸಿಕೊಳ್ಳಿ, ತಿಕ್ಕಲು ಬಿಡಬೇಡಿ.

ಗಡ್ಡಕ್ಕೆ ಟ್ರಿಮ್ಮರ್ ಉತ್ತಮ. ರೇಜರೇ ಬೇಕೆಂದರೆ ಸ್ನಾನದ ನಂತರ, ಹೊಸ ಬ್ಲೇಡು, ಧಾರಾಳ ಜೆಲ್, ಕೂದಲು ಬೆಳೆಯುವ ದಿಕ್ಕಿನಲ್ಲಿ ಒಂದೇ ಸಲ. ಕಟಿಂಗ್ ಶಾಪಿನಲ್ಲಿ ಕೂತ ತಕ್ಷಣವೇ ಪಟಿಕ, ಆಫ್ಟರ್‌ಶೇವ್ ಬೇಡ ಎಂದು ಹೇಳಿಬಿಡಿ, ಕೊನೆಗೆ ಹೇಳುವಷ್ಟರಲ್ಲಿ ಉಜ್ಜಿ ಆಗಿರುತ್ತದೆ.

ಪಾರ್ಲರಿನಲ್ಲಿ ವ್ಯಾಕ್ಸಿಂಗ್ ಖಂಡಿತ ಇಲ್ಲ. ಕೂದಲಿನ ಜೊತೆ ಚರ್ಮದ ಪದರವೇ ಕಿತ್ತುಬಂದು ಗಾಯ, ಕಲೆ ಉಳಿಯುತ್ತದೆ. ಬ್ಲೀಚ್, ಫೇಶಿಯಲ್, ಪೀಲ್ ಕೂಡ ಇಲ್ಲ. ಥ್ರೆಡಿಂಗ್‌ನಲ್ಲೂ ಸಿಪ್ಪೆ ಏಳುವುದುಂಟು. ಹುಬ್ಬಿಗೆ ಚಿಮಟ, ಪುಟ್ಟ ಕತ್ತರಿ ಬಳಸಿ.

ಎಡವಟ್ಟಾದಾಗ

ಹಿತವಾಗಿದ್ದ ಕ್ರೀಮೇ ಉರಿಯತೊಡಗಿದರೆ ಚರ್ಮದ ಹೊರಪದರ ಒಡೆದಿದೆ ಎಂದರ್ಥ. ಮೂರರಿಂದ ಐದು ದಿನ ಕ್ಲೆನ್ಸರ್ ನಿಲ್ಲಿಸಿ, ಬರೀ ನೀರಿನಲ್ಲಿ ತೊಳೆದು ಪೆಟ್ರೋಲಿಯಂ ಜೆಲ್ಲಿ ಮಾತ್ರ ಹಚ್ಚಿ. ಆ ದಿನಗಳಲ್ಲಿ ಬಿಸಿಲಿಗೆ ಕೊಡೆಯೇ ಸನ್‌ಸ್ಕ್ರೀನ್. ಉರಿ ಇಳಿದ ಮೇಲೆ ಒಂದೊಂದಾಗಿ ಮರಳಿ ಸೇರಿಸಿ.

ಮೊದಲ ಕೆಲವು ವಾರ ಮೊಡವೆ ಹೆಚ್ಚಿದಂತೆ ಕಾಣಬಹುದು. ಅದಕ್ಕೆ ಕ್ರೀಮನ್ನು ದೂರಿ ಬದಲಿಸುತ್ತಾ ಹೋಗಬೇಡಿ. ಆದರೆ ನೋವಿನ ಗಂಟುಗಳು ಒಡೆದು ಹುಣ್ಣಾಗಿ, ಜ್ವರ, ಕೀಲುನೋವು ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು. ವಾಂತಿಯೊಂದಿಗೆ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಹೊಟ್ಟೆಯ ಮೇಲ್ಭಾಗದಲ್ಲಿ ತೀವ್ರ ನೋವು, ಕಣ್ಣು ಹಳದಿಯಾಗುವುದು, ಇವುಗಳಲ್ಲಿ ಯಾವುದೇ ಆದರೂ ಕ್ಯಾಪ್ಸೂಲ್ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಮನಸ್ಸು ಕುಗ್ಗಿ ಬದುಕೇ ಬೇಡವೆನಿಸುವ ಯೋಚನೆ ಬಂದರೂ ಹೀಗೆಯೇ ಮಾಡಿ, ಮನೆಯವರಿಗೂ ಆಗಲೇ ಹೇಳಿ. ಈ ಸಾಧ್ಯತೆಯನ್ನು ಅವರಿಗೆ ಮೊದಲೇ ತಿಳಿಸಿರುವುದು ಒಳ್ಳೆಯದು. ಲಿವರ್, ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದ ದಿನಕ್ಕೇ ಮಾಡಿಸಿ. ಹಿಂದಿನ ರಾತ್ರಿಯ ಪಾರ್ಟಿಯೂಟ, ಮದ್ಯ ಫಲಿತಾಂಶವನ್ನು ಕೆಡಿಸುತ್ತವೆ. ಕೋರ್ಸ್ ಪೂರ್ತಿ ಮದ್ಯ ಬಿಡುವುದೇ ಲಿವರಿಗೆ ಕ್ಷೇಮ.

ಕೊನೆಯ ಕ್ಯಾಪ್ಸೂಲಿನ ನಂತರ

ತುಟಿ, ಚರ್ಮದ ತೇವ ಕೆಲವು ವಾರಗಳಲ್ಲಿ ಮರಳುತ್ತದೆ. ಅಲ್ಲಿಯವರೆಗೆ ಇದೇ ಕ್ರಮ. ಎತ್ತಿಟ್ಟ ಅಡಾಪಲಿನ್ ಜೆಲ್ಲನ್ನು ಮೊಡವೆ ಮರಳದಂತೆ ಹಚ್ಚಲು ವೈದ್ಯರು ಹೇಳಬಹುದು. ಆಗ ಮಟರ್‌ಕಾಳಿನಷ್ಟು, ವಾರಕ್ಕೆರಡು ರಾತ್ರಿಯಿಂದ ಶುರು. ವ್ಯಾಕ್ಸಿಂಗಿಗೆ ಮಾತ್ರ ಆರು ತಿಂಗಳು ಕಾಯಬೇಕು. ಗುಳಿಗಳಿಗೆ ಲೇಸರ್ ಯಾವಾಗ ಎನ್ನುವುದು ಲೇಸರಿನ ಬಗೆಯ ಮೇಲೆ ನಿಂತಿದೆ. ಮೊದಲೆಲ್ಲ ಎಲ್ಲದಕ್ಕೂ ಆರು ತಿಂಗಳು ಎನ್ನುತ್ತಿದ್ದರು, ಈಗ ಕೆಲವನ್ನು ಬೇಗ ಮಾಡುತ್ತಾರೆ. ಹಾಗಾಗಿ ಕ್ಲಿನಿಕ್ಕಿನಲ್ಲಿ ದಿನ ಗೊತ್ತುಮಾಡುವ ಮುಂಚೆ ಕೊನೆಯ ಕ್ಯಾಪ್ಸೂಲ್ ನುಂಗಿದ ತಾರೀಕು, ಒಟ್ಟು ಎಷ್ಟು ಮಿಲಿಗ್ರಾಂ ಆಯಿತೆಂಬ ಲೆಕ್ಕ ಎರಡನ್ನೂ ಚೀಟಿಯ ಹಿಂದೆ ಬರೆದುಕೊಂಡು ಹೋಗಿ.